ಮೋನಾಕರ ಬಲಗಣ್ಣು

ಮೋನಾಕ ಯಾವುದನ್ನೇ ಆಗಲಿ ಸರಿಯಾಗಿ ನೋಡಬೇಕೆಂದರೆ ಮೊದಲು ಎಡಗಣ್ಣು ಮುಚ್ಚುತ್ತಿದ್ದರು. ಕಾಗದ ನೋಡುವಾಗಲೂ ಹಾಗೆ, ಬಂಗುಡೆ ಮೀನಿನ ಕಿವಿರು ಎತ್ತಿ ನೋಡುವಾಗಲೂ ಹಾಗೆ, ಊರಿಂದ ಮಗಳು ಫೋನಿಗೆ ಕಳಿಸಿದ ಫೋಟೋ ನೋಡುವಾಗಲೂ ಹಾಗೆ. ಎಡಗೆನ್ನೆ ಇಡೀ ಮೇಲೆ ಸರಿದು, ಬಾಯಿಯ ಒಂದು ಮೂಲೆಯೂ ಅದರ ಹಿಂದೆ ಹೋಗಿ, ಮುಖ ಅರ್ಧ ನಕ್ಕಂತೆ ಕಾಣುತ್ತಿತ್ತು. ಗುರುತಿಲ್ಲದವರು ಈ ಮನುಷ್ಯ ತಮಗೆ ಕಣ್ಣು ಹೊಡೆದನೆಂದು ಗಲಿಬಿಲಿಗೊಂಡದ್ದೂ ಉಂಟು. ನಾನು ತಮಾಷೆ ಮಾಡಿದರೆ, "ಎರಡು ಕಣ್ಣಲ್ಲಿ ನೋಡಿದ್ರೆ ಎರಡು ಅಭಿಪ್ರಾಯ ಬರ್ತದೆ ಮಾರಾಯ. ಬಲದ್ದು ಇಲ್ಲಿ ದುಡೀಲಿ. ಎಡದ್ದು ರೆಸ್ಟಲ್ಲಿರ್ಲಿ, ಊರಿಗೆ ಹೋದ ಮೇಲೆ ಬೇಕಾಗ್ತದೆ," ಎನ್ನುತ್ತಿದ್ದರು. ದುಡಿಯುವ ಆ ಒಂದು ಕಣ್ಣನ್ನು ನಂಬಿ ಅವರು ಜಿದ್ದಾದಲ್ಲಿ ಅಷ್ಟು ವರ್ಷ ಅನ್ನ ತಿಂದರು. ಅದು ಅವರನ್ನು ಬಿಟ್ಟು ಹೋಗುವುದನ್ನು ನಾನು ಹತ್ತಿರದಲ್ಲೇ ನಿಂತು ನೋಡಿದೆ. ಏನು ಮಾಡಿದರೂ ತಡೆಯಲಾಗಲಿಲ್ಲ.

ಜಿದ್ದಾದ ಅಜೀಜಿಯಾ ಬಡಾವಣೆಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಮದುವೆ ಕಾರ್ಡು, ಹೋಟೆಲಿನ ಮೆನು, ಶಾಲೆ ಮಕ್ಕಳ ಗುರುತಿನ ಚೀಟಿ, ಹೀಗೆ ಸಿಕ್ಕಿದ್ದನ್ನೆಲ್ಲ ಅಚ್ಚು ಹಾಕಿ ಕೊಡುವವನು ನಾನು. ನಮ್ಮದು ಭಟ್ಕಳ; ಮನೆಯಲ್ಲಿ ನವಾಯತಿ ಮಾತು. ಮೋನಾಕ ಉಪ್ಪಿನಂಗಡಿ ಕಡೆಯ ಬ್ಯಾರಿ. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಹಾಗಾಗಿ ಇಬ್ಬರೂ ಕನ್ನಡದಲ್ಲೇ ಜಗಳವಾಡುತ್ತಿದ್ದೆವು. ಅವರ ಹೆಸರು ಮುಹಮ್ಮದ್. ವಯಸ್ಸಿನಲ್ಲಿ ಹಿರಿಯರಾದ್ದರಿಂದ ಅಣ್ಣ ಎಂಬರ್ಥದ 'ಕಾಕ' ಸೇರಿ ಅದು ಎಲ್ಲರ ಬಾಯಲ್ಲೂ ಮೋನಾಕ ಆಗಿತ್ತು. ಅವರ ಇಕಾಮಾದಲ್ಲಿ, ಅಂದರೆ ಅಲ್ಲಿ ವಾಸಿಸಲು ಕೊಡುವ ಪರವಾನಗಿ ಚೀಟಿಯಲ್ಲಿ, ಉದ್ಯೋಗ ಮನೆ ಡ್ರೈವರ್ ಎಂದಿತ್ತು. ನಿಜವಾಗಿ ಮಾಡುತ್ತಿದ್ದ ಕೆಲಸ ಹೇಳಿದರೆ ಊರಲ್ಲಿ ಯಾರೂ ನಂಬುವುದಿಲ್ಲವೆಂದು ಅವರು ಡ್ರೈವರ್ ಎಂದೇ ಹೇಳಿಕೊಂಡು ಬಂದಿದ್ದರು.

ಅವರ ಕಫೀಲ್ ಅಬೂ ನಾಸಿರ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಯಜಮಾನ, ಊರ ಹೊರಗೆ ಕಲ್ಲುಗುಡ್ಡಗಳ ನಡುವೆ ಪರವಾನಗಿ ಪಡೆದು ಕೋವಿ ಅಭ್ಯಾಸದ ಮೈದಾನ ಇಟ್ಟುಕೊಂಡಿದ್ದ. ಎಲ್ಲರೂ ಅದನ್ನು ರೇಂಜ್ ಎನ್ನುತ್ತಿದ್ದರು. ಈ ಅಬೂ ನಾಸಿರ್‌ಗೆ ಅಂಗಡಿಯಲ್ಲಿ ಸಿಗುವ ಕಾಡತೂಸು ಹಿಡಿಸುತ್ತಿರಲಿಲ್ಲ. ತಾನೇ ಕೂತು ಮದ್ದು ತೂಗಿ, ತಾನೇ ತುಂಬಿಸಿದರೆ ಮಾತ್ರ ಸಮಾಧಾನ. ಮದ್ದು ಚೂರು ಹೆಚ್ಚು ಕಡಿಮೆಯಾದರೂ ಗುಂಡು ಬೀಳುವ ಜಾಗ ಬದಲಾಗುತ್ತದಂತೆ. ಯಾವ ಅಳತೆ ತನ್ನ ರೈಫಲ್ಲಿಗೆ ಒಗ್ಗುತ್ತದೆಂದು ತಿಳಿಯಲು ಒಂದೊಂದು ಅಳತೆಯದ್ದನ್ನೂ ಕಾಗದದ ಮೇಲೆ ಹೊಡೆದು ನೋಡಬೇಕು. ಆ ಕಾಗದವನ್ನು ಆರಿಸುವುದು, ಹಲಗೆಗೆ ಪಿನ್ನು ಚುಚ್ಚಿ ನಿಲ್ಲಿಸುವುದು, ಮುಕ್ಕಾಲಿಯ ಮೇಲಿನ ಒಂಟಿಕಣ್ಣಿನ ದುರ್ಬೀನಿನಲ್ಲಿ ನೋಡಿ ಕೂಗಿ ಹೇಳುವುದು, ಆಮೇಲೆ ತೂತುಗಳ ಅಂತರ ಅಳೆದು ಇದು ಆದೀತು, ಇದು ಬೇಡ ಎಂದು ತೀರ್ಪು ಕೊಡುವುದು ಮೋನಾಕರ ಕೆಲಸ. ಎಡಗಣ್ಣು ಮುಚ್ಚುವ ಅಭ್ಯಾಸ ಹತ್ತಿದ್ದು ಆ ದುರ್ಬೀನಿನಿಂದಲೇ. ಅವರು ಸ್ವತಃ ಒಂದು ಗುಂಡನ್ನೂ ಹಾರಿಸಿದವರಲ್ಲ. "ನನಗೆ ಆ ಶಬ್ದವೇ ಆಗುದಿಲ್ಲ," ಎಂದು ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದರು.

ಮೊದಲ ಸಲ ಅಂಗಡಿಗೆ ಬಂದಾಗ ನನಗೆ ಇದೊಂದೂ ಗೊತ್ತಿರಲಿಲ್ಲ. ಟಾರ್ಗೆಟ್ ಹಾಳೆ ಬೇಕು ಎಂದರು. ಕೋವಿಯವರು, ಶೇಖ್ ಜನ, ಸ್ವಲ್ಪ ಜೋರಾಗಿಯೇ ಇರಲಿ ಎಂದು ನಾನು ನುಣುಪು ಕಾಗದದಲ್ಲಿ ದೊಡ್ಡ ಕಪ್ಪು ವೃತ್ತ, ಸುತ್ತ ಚಿನ್ನದ ಬಣ್ಣದ ಅಂಚು, ಮೂಲೆಯಲ್ಲೊಂದು ಗಿಡುಗನ ಚಿತ್ರ ಹಾಕಿ ಮಾದರಿ ತೆಗೆದಿಟ್ಟೆ. ಮೋನಾಕ ಎಡಗಣ್ಣು ಮುಚ್ಚಿ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಜೇಬಿನಿಂದ ಬಾಲ್‌ಪೆನ್ನು ಎಳೆದುಕೊಂಡು ಗಿಡುಗನ ಹೊಟ್ಟೆಗೇ ಚುಚ್ಚಿದರು.

"ತೂತಿನ ಬಾಯಿ ನೋಡು. ನಾಯಿ ಕಚ್ಚಿದ ಹಾಗೆ ಹರಿದಿದೆ. ಇದನ್ನು ನಾನು ಎಲ್ಲಿಂದ ಎಲ್ಲಿಗೆ ಅಳೀಲಿ?"

"ಚಂದ ಕಾಣ್ಲಿ ಅಂತ ಮಾಡಿದ್ದು ಮೋನಾಕ."

"ಚಂದ ಕಾಣ್ಲಿಕ್ಕೆ ಇದೆಂತ ಮದುವೆ ಕಾಗದವಾ? ಬಿಸಿಲಿಗೆ ಇದು ಕನ್ನಡಿಯ ಹಾಗೆ ಹೊಳೀತದೆ. ಮತ್ತೆ ಈ ಕರಿ ವೃತ್ತ ಯಾರಿಗೆ? ಅದು ಸ್ಪರ್ಧೆ ಮಾಡುವವರಿಗೆ, ಮಾರ್ಕು ಬೇಕಾದವರಿಗೆ. ಕೋವಿಯ ದುರ್ಬೀನಿನೊಳಗೂ ಕರಿ ಗೆರೆ, ಇಲ್ಲಿಯೂ ಕರಿ. ಕರಿ ಮೇಲೆ ಕರಿ ತೂತು ಬಿದ್ರೆ ನಾನು ಎಂತ ನೋಡುದು, ನಿನ್ನ ತಲೆಯಾ?"

ನನಗೆ ಸಿಟ್ಟು ಬಂತು. ಆದರೂ ಗಿರಾಕಿ ಗಿರಾಕಿಯೇ. ಅವರು ಕೇಳಿದಂತೆ ಹೊಳಪಿಲ್ಲದ ದಪ್ಪ ಬಿಳಿ ಹಾಳೆ, ಅದರ ತುಂಬ ತೆಳು ಬೂದು ಬಣ್ಣದ ಸಣ್ಣ ಸಣ್ಣ ಚೌಕ, ಅಲ್ಲಲ್ಲಿ ಕಿತ್ತಳೆ ಬಣ್ಣದ ಪುಟ್ಟ ಚುಕ್ಕೆ. ಮದ್ದಿನ ಒಂದೊಂದು ಅಳತೆಗೆ ಒಂದೊಂದು ಚುಕ್ಕೆ; ಒಂದರ ತೂತು ಇನ್ನೊಂದರ ಜೊತೆ ಬೆರೆಯಬಾರದು. ಬೂದು ಬಣ್ಣ ಹೆಚ್ಚಾಯಿತೆಂದು ಒಮ್ಮೆ, ಕಡಿಮೆಯಾಯಿತೆಂದು ಇನ್ನೊಮ್ಮೆ ವಾಪಸ್ ತಂದರು. ಚುಕ್ಕೆಯಂತೂ ಕೇಳಬೇಡಿ. ದೊಡ್ಡದಾದರೆ ಹೊಡೆಯುವವನು ಅಸಡ್ಡೆ ಮಾಡುತ್ತಾನೆ, ಸಣ್ಣದಾದರೆ ಕಣ್ಣು ಸೋಲುತ್ತದೆ, ದೂರ ಹೆಚ್ಚಿದಂತೆ ಚುಕ್ಕೆಯೂ ಹಿಗ್ಗಬೇಕು ಎಂದು ನನಗೆ ಪಾಠವೇ ಆಯಿತು. ಕೊನೆಗೆ ಒಂದು ಮಾದರಿಗೆ ಪೆನ್ನು ಚುಚ್ಚಿ, ಬೆಳಕಿಗೆ ಹಿಡಿದು, ಮಾತಿಲ್ಲದೆ ತಲೆ ಆಡಿಸಿದರು. ಅವತ್ತು ನಮ್ಮ ಸ್ನೇಹ ಶುರುವಾಯಿತು.

ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತೊಂದಿತ್ತು. "ನಡುವಿಗೆ ಬೀಳ್ಬೇಕು ಅಂತ ಇಲ್ಲ. ಒಟ್ಟಿಗೆ ಬೀಳ್ಬೇಕು." ಎಲ್ಲ ಗುಂಡೂ ಚುಕ್ಕೆಯಿಂದ ದೂರ, ಆದರೆ ಒಂದೇ ಕಡೆ ಬಿದ್ದರೆ ಮದ್ದಿನ ಅಳತೆ ಸರಿಯಿದೆ ಎಂದರ್ಥ, ಕೋವಿಯ ದುರ್ಬೀನು ಚೂರು ತಿರುಗಿಸಿದರೆ ಆಯಿತು. ಚೆಲ್ಲಾಪಿಲ್ಲಿ ಬಿದ್ದು ಅದರಲ್ಲಿ ಒಂದು ಚುಕ್ಕೆಗೇ ತಾಗಿದರೂ ಆ ಅಳತೆ ದಂಡ. ಈ ನಿಯಮವನ್ನು ಅವರು ಮನುಷ್ಯರಿಗೂ ಹಾಕುತ್ತಿದ್ದರು. ಒಂದೇ ಕೋಣೆಯಲ್ಲಿದ್ದು ದಿನಾ ಜಗಳವಾಡಿ ದಿನಾ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ನಮ್ಮ ಪಕ್ಕದ ಅಂಗಡಿಯ ಅಣ್ಣತಮ್ಮಂದಿರನ್ನು ತೋರಿಸಿ, "ಇವರು ಒಟ್ಟಿಗೆ ಬೀಳುವವರು. ಅಳತೆ ಸರಿ ಉಂಟು," ಎಂದು ಸರ್ಟಿಫಿಕೇಟು ಕೊಟ್ಟಿದ್ದರು.

ಮಗಳು ಮಿಸ್ರಿಯಾಳ ಮದುವೆ ಕಾರ್ಡೂ ನನ್ನಲ್ಲೇ ಆಯಿತು. ಉಬ್ಬಿದ ಶಾಯಿಯ, ಬೆರಳಿಟ್ಟರೆ ಅಕ್ಷರ ತಾಗುವಂಥ ಒಳ್ಳೆಯ ಮಾದರಿಗಳನ್ನೇ ಎದುರಿಗೆ ಹರಡಿದೆ. ಒಂದೊಂದನ್ನೂ ಎತ್ತಿಕೊಂಡು, ಎಡಗಣ್ಣು ಮುಚ್ಚಿ, ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಮದುಮಗನ ಹೆಸರಿನ ಪಕ್ಕದಲ್ಲಿ ಪೆನ್ನು ಚುಚ್ಚಿದರು. ಅಂಗಡಿಯಲ್ಲಿದ್ದ ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡಿದರು. "ಇದರಲ್ಲಿ ತೂತು ಚಂದ ಬಂತು. ಇದೇ ಇರ್ಲಿ," ಎಂದರು ಮೋನಾಕ, ಬಹಳ ಗಂಭೀರವಾಗಿ. ಅವರಿಗೆ ಒಳ್ಳೆಯ ಕಾಗದ ಎಂದರೆ ಅದೊಂದೇ ಪರೀಕ್ಷೆ.

ಆಮೇಲಿನ ಒಂದು ಸೆಕೆಗಾಲದಲ್ಲಿ ಅವರು ಹಾಳೆಯ ಕಟ್ಟೊಂದನ್ನು ತಂದು ಮೇಜಿನ ಮೇಲೆ ಎತ್ತಿ ಹಾಕಿದರು. "ಗೆರೆ ಡೊಂಕು," ಎಂದರು. ನಾನು ನೋಡಿದೆ. ಗೆರೆ ಸರಿಯಾಗಿಯೇ ಇತ್ತು. ಆದರೆ ಕಾಗದದ ವಿಷಯದಲ್ಲಿ ಅವರ ಕಣ್ಣಿನ ಎದುರು ವಾದ ಮಾಡಿ ಗೆದ್ದ ನೆನಪು ನನಗಿರಲಿಲ್ಲ. ಹೊಸದಾಗಿ ಅಚ್ಚು ಹಾಕಿ ಕೊಟ್ಟೆ. ಅದೂ ವಾಪಸ್ ಬಂತು. "ಹಾಳೆಯ ಹೊಟ್ಟೆಯ ಹತ್ರ ಗೆರೆ ಒಳಗೆ ಹೋಗಿದೆ. ನಿನ್ನ ಮೆಶಿನು ಮುದಿಯಾಯ್ತು ಮಾರಾಯ, ಬದಲಾಯಿಸು." ಮೆಶಿನು ಹೊಸದು. ರಿಪೇರಿಯವನನ್ನೂ ಕರೆಸಿದೆ, ಅವನು ಏನೂ ದೋಷವಿಲ್ಲವೆಂದು ಹೇಳಿ ಚಹಾ ಕುಡಿದು ಹೋದ.

ಮತ್ತೊಂದು ಸಲ ತಂದಾಗ ನನ್ನ ತಾಳ್ಮೆ ಮುಗಿದಿತ್ತು. "ಎಂತ ಸಾವು ಮೋನಾಕ ನಿಮ್ಮದು," ಎಂದು ಸ್ಟೀಲಿನ ಉದ್ದ ಸ್ಕೇಲು ತೆಗೆದು ಗೆರೆಯ ಮೇಲೆ ಒತ್ತಿ ಹಿಡಿದೆ. "ನೋಡಿ. ಎಲ್ಲಿ ಡೊಂಕು?"

ಅವರು ಎಡಗಣ್ಣು ಮುಚ್ಚಿ ಬಗ್ಗಿದರು. ಮೂಗು ಕಾಗದಕ್ಕೆ ತಾಗುವಷ್ಟು ಹತ್ತಿರ ಹೋದರು. ಆಮೇಲೆ ನಿಧಾನ ತಲೆ ಎತ್ತಿ, "ನಿನ್ನ ಸ್ಕೇಲೂ ಡೊಂಕುಂಟಲ್ಲ," ಎಂದರು.

ನಾನು ಜೋರಾಗಿ ನಕ್ಕೆ. ಅವರು ನಗಲಿಲ್ಲ. ಕತ್ತು ತಿರುಗಿಸಿ ಅಂಗಡಿಯ ಗಾಜಿನ ಬಾಗಿಲಿನ ಚೌಕಟ್ಟು ನೋಡಿದರು, ಎದುರು ರಸ್ತೆಯ ದೀಪದ ಕಂಬ ನೋಡಿದರು, ಮತ್ತೆ ಸ್ಕೇಲು ನೋಡಿದರು. "ಕಂಬವೂ," ಎಂದರು.

"ಆ ಕಣ್ಣು ಮುಚ್ಚಿ ಇದರಲ್ಲಿ ನೋಡಿ ನೋಡುವ," ಎಂದು ನಾನು ಅವರ ಎಡಗಣ್ಣು ತೋರಿಸಿದೆ. ಅವರಿಗೆ ಅದು ಕೂಡಲೇ ಬರಲಿಲ್ಲ. ಬಲಗಣ್ಣು ಮುಚ್ಚಿ ಗೊತ್ತೇ ಇಲ್ಲದ ಮುಖ ಅದು. ಕೆನ್ನೆ ಎತ್ತಲ ಕಡೆ ಹೋಗಬೇಕೆಂದು ತಿಳಿಯದೆ ಒದ್ದಾಡಿತು. ಕೊನೆಗೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ಮೇಜಿನ ಕಡೆ ನೋಡಿದರು.

"ಕಾಗದ ಎಲ್ಲಿ ಇಟ್ಟೆ ಮಾರಾಯ?" ಎಂದು ಕೇಳಿದರು.

ಕಾಗದ ಅವರ ಎದುರಿಗೇ ಇತ್ತು. ನಾನು ಅದನ್ನು ಎತ್ತಿ ಮುಖದ ಮುಂದೆ ಹಿಡಿದೆ. ಅಂಚು ಕಾಣುತ್ತದೆ, ನಡುವೆ ಏನೂ ಇಲ್ಲ ಎಂದರು. ಆ ಎಡಗಣ್ಣು ಯಾವಾಗ ಹೋಗಿತ್ತೋ ಯಾರಿಗೆ ಗೊತ್ತು! ಹಗಲಿಡೀ ಮುಚ್ಚಿಯೇ ಇಟ್ಟಿದ್ದರಿಂದ ಅದು ಹೋದದ್ದು ಅದರ ಯಜಮಾನನಿಗೇ ತಿಳಿದಿರಲಿಲ್ಲ. ತಿಳಿದದ್ದು ಇನ್ನೊಂದು ಹೊರಡಲು ಸಿದ್ಧವಾದ ಮೇಲೆ.

ಅವತ್ತು ಅವರ ಗಾಡಿಯ ಕೀಲಿ ಕಿತ್ತುಕೊಂಡು ನಾನೇ ಕೋಣೆಗೆ ಬಿಟ್ಟೆ. "ಹೀಗಿದ್ದೂ ಇಲ್ಲಿಯವರೆಗೆ ಹೇಗೆ ಓಡಿಸಿಕೊಂಡು ಬಂದ್ರಿ?" ಎಂದು ಬೈದೆ. "ರಸ್ತೆ ಗೊತ್ತುಂಟಲ್ಲ," ಎಂದರು. ಸಿಗ್ನಲ್ಲಿನಲ್ಲಿ ನಿಂತಾಗ ಒಮ್ಮೆ ಬಲಗಣ್ಣು, ಒಮ್ಮೆ ಎಡಗಣ್ಣು ಕೈಯಿಂದ ಮುಚ್ಚಿ ಮುಂದಿನ ಗಾಡಿಯನ್ನು ನೋಡುತ್ತಿದ್ದರು.

ಆಸ್ಪತ್ರೆಗೂ ನಾನೇ ಜೊತೆಗೆ ಹೋದೆ. ಈಜಿಪ್ಟಿನ ಡಾಕ್ಟರು, ಮೃದು ಮಾತಿನವರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿ ಅವರ ಕೈಗೆ ಒಂದು ಹಾಳೆ ಕೊಟ್ಟರು. ಬಿಳಿ ಕಾಗದ, ತುಂಬ ಸಣ್ಣ ಸಣ್ಣ ಚೌಕ, ನಡುವೆ ಒಂದು ಚುಕ್ಕೆ. ಮೋನಾಕ ಅದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ ನನ್ನ ಕಡೆ ತಿರುಗಿ, "ಇದು ನೀನು ಮಾಡಿದ್ದಾ? ಗೆರೆ ಹೆಚ್ಚು ಕಪ್ಪಾಯ್ತು," ಎಂದರು. ಡಾಕ್ಟರಿಗೆ ಕನ್ನಡ ಬಾರದು. ಚುಕ್ಕೆಯನ್ನೇ ನೋಡಿ, ಗೆರೆ ಎಲ್ಲಿ ಬಾಗಿದೆ, ಎಲ್ಲಿ ಅಳಿಸಿಹೋಗಿದೆ ಹೇಳಿ ಎಂದರು. ಮೋನಾಕ ಬೆರಳಿಟ್ಟು ತೋರಿಸಿದರು. ಅಷ್ಟು ವರ್ಷ ಬೇರೆಯವರ ಗುಂಡು ಎಲ್ಲಿ ಬಿತ್ತೆಂದು ತೋರಿಸಿದ ಬೆರಳೇ ಅದು.

ಕಣ್ಣಿನ ಹಿಂಬದಿಯ ಪರದೆಯ ನಡುಭಾಗ ಕೆಟ್ಟಿದೆ ಎಂದರು ಡಾಕ್ಟರು. ಎಡಗಣ್ಣಿನದ್ದು ಹಳೆಯದು, ಕಲೆ ಕಟ್ಟಿದೆ, ಅಲ್ಲಿ ಮಾಡುವುದೇನೂ ಉಳಿದಿಲ್ಲ. ಬಲಗಣ್ಣಿಗೆ ಸೂಜಿಮದ್ದು ಕೊಟ್ಟು ನೋಡಬಹುದು, ನಿಂತರೆ ನಿಂತಿತು, ಮಾತು ಕೊಡಲಾರೆ. ಎಡಗಣ್ಣು ಕೆಡುತ್ತಿದ್ದಾಗಲೇ ಬಂದಿದ್ದರೆ ಬೇರೆಯಿತ್ತು ಎಂದೂ ಸೇರಿಸಿದರು. ಇದನ್ನು ನಾನು ಕನ್ನಡಕ್ಕೆ ಹೇಳಬೇಕಾಗಿ ಬರಲಿಲ್ಲ. ಮೋನಾಕರ ಅರಬಿ ನನ್ನದಕ್ಕಿಂತ ಚೆನ್ನಾಗಿತ್ತು.

ಹೊರಗೆ ಬಂದು ಬೆಂಚಿನ ಮೇಲೆ ಕೂತರು. "ಎಡದ್ದನ್ನು ನಾನು ಉಳಿಸಿ ಇಟ್ಟದ್ದು ಮಾರಾಯ. ತಮಾಷೆಗೆ ಹೇಳಿದ್ದಲ್ಲ. ಮುಚ್ಚಿ ಇಟ್ರೆ ಸವೆಯುದಿಲ್ಲ ಅಂತಲೇ ನಾನು ನೆನೆಸಿದ್ದು," ಎಂದರು. ಬಟ್ಟೆ, ಪಾತ್ರೆ, ಚಿನ್ನ, ಎಲ್ಲವನ್ನೂ ಇಲ್ಲಿ ಮುಟ್ಟದೆ ಊರಿಗೆಂದು ತೆಗೆದಿಡುವವರು ನಾವು. ಮೋನಾಕ ಕಣ್ಣನ್ನೂ ಹಾಗೇ ತೆಗೆದಿಟ್ಟಿದ್ದರು. ನೀರಿನ ಬಾಟಲಿ ಕೊಟ್ಟೆ, ಕುಡಿದರು.

ಸೂಜಿಮದ್ದು ಹಲವು ಸಲ ಆಯಿತು. ಪ್ರತಿ ಸಲ ಅವರು ಬಂದು ನನ್ನ ಹಾಳೆ ಕೇಳಿ ತೆಗೆದು ನೋಡುತ್ತಿದ್ದರು. ಒಂದೆರಡು ಸಲ ಗೆರೆ ಸ್ವಲ್ಪ ನೆಟ್ಟಗಾಗಿದೆ ಎಂದರು. ಅದು ನಿಜವೋ, ಆಸೆಯೋ ನನಗೆ ತಿಳಿಯಲಿಲ್ಲ. ಆಮೇಲೆ ಹಾಗೆ ಹೇಳುವುದೂ ನಿಂತಿತು. ರೇಂಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೋಗಿ ಬರಲು ಅಲ್ಲಿನ ಪಾಕಿಸ್ತಾನಿ ಕಾವಲುಗಾರನ ಗಾಡಿ ಹಿಡಿಯುತ್ತಿದ್ದರು, ತಮ್ಮ ಗಾಡಿ ಕೆಟ್ಟಿದೆ ಎಂದು ಸುಳ್ಳು ಹೇಳಿ.

ಒಂದು ದಿನ ಬಂದವರೇ, "ಮಿಸ್ರಿಯಾಳ ಕಾರ್ಡಿಗೆ ಹಾಕಿದೆಯಲ್ಲ, ಉಬ್ಬಿದ ಶಾಯಿ, ಅದರಲ್ಲಿ ಟಾರ್ಗೆಟ್ ಆಗ್ತದಾ?" ಎಂದು ಕೇಳಿದರು. ಗೆರೆ ಬೆರಳಿಗೆ ತಾಗಿದರೆ ಸಾಕು, ಚೌಕ ಎಣಿಸಿ ತೂತಿನ ಅಂತರ ಹೇಳಬಹುದು ಎಂಬ ಲೆಕ್ಕಾಚಾರ. ಇದು ನಡೆಯುವ ಕೆಲಸವಲ್ಲವೆಂದು ನನಗೆ ಗೊತ್ತಿತ್ತು. ಅವರ ಮುಖ ನೋಡಿ ಮಾಡಿಕೊಟ್ಟೆ. ಅಂಗಡಿಯಲ್ಲೇ ಕೂತು ಅಭ್ಯಾಸ ಮಾಡಿದರು. ನಾನು ಪೆನ್ನು ಚುಚ್ಚಿ ಕೊಡುವುದು, ಅವರು ಕಣ್ಣು ಮುಚ್ಚಿ ಬೆರಳಾಡಿಸಿ ಹೇಳುವುದು. ಕೆಲವು ಸಲ ಸರಿಯಾಗಿ ಹೇಳಿದರು. ಆಗ ಅವರ ಖುಷಿ ನೋಡುವುದು ತಪ್ಪು ಹೇಳಿದಾಗಿನ ಮುಖ ನೋಡುವುದಕ್ಕಿಂತ ಕಷ್ಟವಾಗಿತ್ತು.

ಆ ಉಪಾಯದಿಂದ ರೇಂಜಿನಲ್ಲಿ ಅವರು ಕೆಲವು ವಾರ ತಳ್ಳಿದರು. ಹಾಳೆ ತರಲು ಹಲಗೆಯ ತನಕ ತಾವೇ ನಡೆದುಹೋಗಿ, ಎಲ್ಲರಿಗೂ ಬೆನ್ನು ಹಾಕಿ ನಿಂತು, ಬೆರಳಿನಿಂದ ತಡವಿ, ಬಂದು ತೀರ್ಪು ಹೇಳುವುದು. ಆಮೇಲೆ ಒಂದು ಸಂಜೆ ಅಬೂ ನಾಸಿರ್ ಹೊಸ ಅಳತೆಯ ಕಾಡತೂಸು ಹೊಡೆದ. ಗುಂಡುಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ತೂತಾಗಿತ್ತು. ಅಷ್ಟು ಒಳ್ಳೆಯದು ಅವನಿಗೆ ಯಾವತ್ತೂ ಬಿದ್ದಿರಲಿಲ್ಲ. ಮೋನಾಕರ ಬೆರಳಿಗೆ ಆ ತೂತೂ ಸಿಕ್ಕಿತು, ಹಾಳೆಯನ್ನು ಹಲಗೆಗೆ ಚುಚ್ಚಿದ್ದ ಪಿನ್ನಿನ ತೂತೂ ಸಿಕ್ಕಿತು. ಪಿನ್ನಿನದ್ದು ಗಾಳಿಗೆ ಎಳೆದಾಡಿ ಹಿಗ್ಗಿತ್ತು. ಅದನ್ನೂ ಗುಂಡಿನ ತೂತೆಂದೇ ಲೆಕ್ಕ ಹಾಕಿ, "ಚೆಲ್ಲಿ ಹೋಗಿದೆ ಅರ್ಬಾಬ್, ಈ ಅಳತೆ ಬೇಡ," ಎಂದು ಯಜಮಾನನಿಗೆ ಹೇಳಿಬಿಟ್ಟರು. ಪಿನ್ನು ಚುಚ್ಚಿದ್ದು ಅವರದೇ ಕೈ.

ಅಬೂ ನಾಸಿರ್ ಹಾಳೆ ಕೈಗೆ ತೆಗೆದುಕೊಂಡು ನೋಡಿದ. ಉಬ್ಬಿದ ಗೆರೆಯ ಮೇಲೆ ತಾನೂ ಒಮ್ಮೆ ಬೆರಳಾಡಿಸಿದ. ಅವನಿಗೆ ಎಲ್ಲ ಅರ್ಥವಾಗಿರಬೇಕು. ಬೈಯಲಿಲ್ಲ, ಏನೂ ಕೇಳಲಿಲ್ಲ. "ಖಲಾಸ್, ಯಾ ಮುಹಮ್ಮದ್. ಕೂತುಕೋ," ಎಂದು ತನ್ನ ಕುರ್ಚಿಯನ್ನೇ ಅವರ ಕಡೆ ಎಳೆದುಕೊಟ್ಟು, ಮುಂದಿನ ಹಾಳೆ ಹಚ್ಚಲು ತಾನೇ ನಡೆದುಹೋದ. ಇದನ್ನು ಮೋನಾಕರೇ ಬಂದು ನನಗೆ ಹೇಳಿದರು. "ನಾಲ್ಕು ಬೈದಿದ್ರೆ ಆಗ್ತಿತ್ತು. ಆ ಕುರ್ಚಿಯಲ್ಲಿ ನಾನು ಹೇಗೆ ಕೂತೆ ಅಂತ ನನಗೇ ಗೊತ್ತು."

ಅಬೂ ನಾಸಿರ್ ಅವರನ್ನು ಹೊರಗೆ ಹಾಕಲಿಲ್ಲ. ಚಹಾ ಮಾಡಿಕೊಂಡು ಇರು ಎಂದ. ಆದರೆ ಮೋನಾಕರೇ ಇರಲು ಒಪ್ಪಲಿಲ್ಲ. ಕೋವಿಯ ಶಬ್ದ ಕೇಳಿದ ಕೂಡಲೇ ಎಲ್ಲಿ ಬಿತ್ತೆಂದು ನೋಡಲು ತಲೆ ಎತ್ತುವ ಅಭ್ಯಾಸ, ಎತ್ತಿದರೆ ಅಲ್ಲಿ ಏನೂ ಇಲ್ಲ. ಅದನ್ನು ದಿನಾ ಸಹಿಸಲು ಆಗುವುದಿಲ್ಲ ಎಂದರು. ಫೈನಲ್ ಎಕ್ಸಿಟ್ ಹಾಕಿಸಿಕೊಂಡರು, ಅಂದರೆ ಇನ್ನು ತಿರುಗಿ ಬರುವ ಮಾತಿಲ್ಲ. ಡಾಕ್ಟರು ಕೊನೆಯ ಸಲ ನೋಡಿದಾಗ ಮಂಗಳೂರಿನಲ್ಲೂ ತೋರಿಸಿ ಎಂದಿದ್ದರು. ತೋರಿಸುತ್ತೇವೆ ಎಂದು ನಾವಿಬ್ಬರೂ ತಲೆಯಾಡಿಸಿದ್ದೆವು. ಆ ಮಾತನ್ನು ಮೂವರಲ್ಲಿ ಯಾರೂ ನಂಬಿರಲಿಲ್ಲ.

ಹೊರಡುವ ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಅಂಗಡಿಗೆ ಬಂದರು. ಹೊಸ ಅಂಗಿ ಹಾಕಿದ್ದರು, ಗುಂಡಿ ಒಂದು ಮೇಲೆ ಕೆಳಗೆ ಆಗಿತ್ತು. ನಾನು ಸರಿ ಮಾಡಿದೆ. ಚಹಾ ತರಿಸಿದೆ, ಲೋಟವನ್ನು ಕೈಗೆ ತಾಗಿಸಿ ಕೊಟ್ಟೆ. ಊರಿನ ಮಾತು, ಲಗೇಜಿನ ಮಾತು, ಅತ್ತಿತ್ತಲ ಮಾತು ಆಡಿದೆವು. ಮತ್ತೆ ಸಿಗುವ ಎಂದು ನಾನು ಹೇಳಲಿಲ್ಲ. ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಏಳುವಾಗ, "ಇಲ್ಲಿ ಎದುರು ನಿಲ್ಲು," ಎಂದರು. ನಿಂತೆ. ನನ್ನನ್ನೇ ನೋಡಿದರು.

"ಕಿವಿ ಕಾಣ್ತದೆ, ಭುಜ ಕಾಣ್ತದೆ. ನಡುವೆ ನೀನಿಲ್ಲ."

ನಾನು ಇನ್ನೂ ಹತ್ತಿರ ಹೋದೆ. ಅದರಿಂದ ಪ್ರಯೋಜನವಿಲ್ಲ ಎಂದು ಕೈಯಿಂದ ತಡೆದರು. ಆಮೇಲೆ ಮುಖವನ್ನು ನಿಧಾನ ಬದಿಗೆ ತಿರುಗಿಸಿ, ಗೋಡೆಯ ಮೇಲಿನ ಎಸಿಯ ಕಡೆ ನೋಡಿದರು. ಹಾಗೆ ಅದನ್ನೇ ನೋಡುತ್ತಾ ಬಹಳ ಹೊತ್ತು ನಿಂತರು.

"ಈಗ ಕಣ್ಣಿನ ಅಂಚಿನಲ್ಲಿ ಸಿಕ್ಕಿದಿ. ಮೂಗು ಬಂತು. ಗಡ್ಡ ಬಂತು."

ನಾನು ತುಟಿ ಕಚ್ಚಿ ಹಿಡಿದೆ. ಅದು ಅವರಿಗೆ ಹೇಗೆ ತಿಳಿಯಿತೋ!

"ಮುಖ ಹಾಗೆ ಮಾಡ್ಬೇಡ ಮಾರಾಯ," ಎಂದರು ಮೋನಾಕ, ಎಸಿಯನ್ನು ನೋಡುತ್ತಲೇ. "ಒಮ್ಮೆ ಸರಿ ನಗಾಡು. ಇನ್ನು ಮೇಲೆ ನನಗೆ ನಿನ್ನದು ಅಂತ ಇರುದು ಈ ಮುಖವೇ."

ನಾನು ನಕ್ಕೆ. ಕಂಡಿತೆಂದು ಅವರು ಹೇಳಿದರು.